ತಿರುಗುವ ಕುರ್ಚಿ, ಮರೆತ ನೆಲ

ಕಚೇರಿಯ ಕುರ್ಚಿಗೆ ಕನ್ನಡದಲ್ಲಿ ‘ತಿರುಗುವ ಕುರ್ಚಿ’ ಎಂದೋ ‘ರಿವಾಲ್ವಿಂಗ್ ಚೇರ್’ ಎಂದೋ ಹೆಸರು ನಿಂತಿದೆ. ‘ಗಾಲಿಕುರ್ಚಿ’ ಎಂಬ ಮಾತು ನಡೆಯಲಾಗದವರ ವಾಹನಕ್ಕೆ ಸಂದುಹೋಗಿರುವುದರಿಂದ, ಕಚೇರಿ ಕುರ್ಚಿಯ ಅಡಿಯಲ್ಲಿರುವ ಐದು ಜೋಡಿ ಗಾಲಿಗಳಿಗೆ ಹೆಸರಿನಲ್ಲಿ ಜಾಗವೇ ದೊರೆತಿಲ್ಲ. ಈ ಮರೆವು ಹೆಸರಿನಲ್ಲಿ ಮಾತ್ರ ಇದ್ದಿದ್ದರೆ ಅದನ್ನು ಚರ್ಚಿಸಬೇಕಾದ ಅಗತ್ಯವಿರಲಿಲ್ಲ. ಆ ಕುರ್ಚಿಯಲ್ಲಿ ಎರಡು ಬೇರೆ ಬೇರೆ ಚಲನೆಗಳಿವೆ: ಆಸನವು ನಡುವಿನ ಕಂಬದ ಮೇಲೆ ಸುತ್ತುವುದು ಒಂದು, ಇಡೀ ಕುರ್ಚಿಯು ನೆಲದ ಮೇಲೆ ಸರಿದಾಡುವುದು ಇನ್ನೊಂದು. ಮೊದಲನೆಯದು ಕುರ್ಚಿಯ ಒಡಲೊಳಗೇ ಮುಗಿಯುವ ವ್ಯವಹಾರವಾದ್ದರಿಂದ ಅದನ್ನು ತಯಾರಕರು ಬಹುಮಟ್ಟಿಗೆ ಚೆನ್ನಾಗಿಯೇ ಬಗೆಹರಿಸಿದ್ದಾರೆ. ಎರಡನೆಯದರಲ್ಲಿ ಅರ್ಧ ಯಂತ್ರ ಕುರ್ಚಿಯಲ್ಲಿದ್ದು ಉಳಿದರ್ಧ ನೆಲದಲ್ಲಿರುವುದರಿಂದ, ನೆಲವನ್ನು ಗಮನಿಸದೆ ಮಾಡಿದ ಯಾವ ಗಾಲಿಯೂ ಪೂರ್ಣ ವಿನ್ಯಾಸವೆನಿಸಿಕೊಳ್ಳದು.

ಇಂಥ ಗಾಲಿಗೆ ಕ್ಯಾಸ್ಟರ್ ಎಂದು ಹೆಸರು. ಸಾಮಾನ್ಯ ಚಕ್ರ ಅಚ್ಚಿನ ಮೇಲೆ ಉರುಳುವುದಷ್ಟೇ ಆದರೆ, ಕ್ಯಾಸ್ಟರ್ ಉರುಳುತ್ತಲೇ ತನ್ನ ನಿಲುಗೂಟದ ಸುತ್ತ ತಿರುಗಿ, ನೂಕಿದ ದಿಕ್ಕಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಅಚ್ಚು ನಿಲುಗೂಟದ ನೇರ ಕೆಳಗೆ ಇರದೆ ತುಸು ಪಕ್ಕಕ್ಕೆ ಸರಿದಿರುವುದೇ ಇದರ ಗುಟ್ಟು. ಈ ಅಂತರವನ್ನು ಟ್ರೇಲ್ ಎನ್ನುತ್ತಾರೆ, ಮತ್ತು ಹಗ್ಗ ಹಿಡಿದವನ ಹಿಂದೆ ಕರು ಬರುವಂತೆ ಗಾಲಿಯು ಗೂಟದ ಹಿಂದೆ ಬರುವುದು ಇದರಿಂದಲೇ. ಈ ಗುಣವಿಲ್ಲದ ವಾಹನವನ್ನು ತಿರುಗಿಸುವ ಕಷ್ಟವೇನೆಂಬುದು ತೇರು ಎಳೆದವರಿಗೆಲ್ಲ ಗೊತ್ತು: ರಥದ ಅಚ್ಚು ಬಿಗಿಯಾಗಿರುವುದರಿಂದ ಬೀದಿಯ ತಿರುವಿನಲ್ಲಿ ಚಕ್ರಕ್ಕೆ ಮರದ ಬೆಣೆಗಳನ್ನು ಕೊಟ್ಟು, ಅದನ್ನು ಇಂಚಿಂಚಾಗಿ ಹೊರಳಿಸಬೇಕಾಗುತ್ತದೆ.

ಎರಡು ಚಲನೆಗಳೂ ಬೇರೆ ಬೇರೆ ಹುಟ್ಟಿದವೆಂಬುದನ್ನು ಇತಿಹಾಸವೂ ತೋರಿಸುತ್ತದೆ. ಅಮೆರಿಕದ ಥಾಮಸ್ ಜೆಫರ್ಸನ್ 1776ರ ಸುಮಾರಿಗೆ ಬಳಸಿದ, ಈಗ ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯಲ್ಲಿರುವ ವಿಂಡ್ಸರ್ ಕುರ್ಚಿಯಲ್ಲಿ ಒಂದರ ಮೇಲೊಂದು ಎರಡು ಆಸನಗಳಿದ್ದು, ನಡುವಿನ ಕಬ್ಬಿಣದ ಗೂಟದ ಮೇಲೆ ಸಣ್ಣ ಉರುಳೆಗಳ ಸಹಾಯದಿಂದ ಮೇಲಿನದು ಸುತ್ತುತ್ತದೆ. ಬೀಸುವ ಕಲ್ಲಿನ ಕಟ್ಟಣೆಯೇ ಇದು, ಆದರೆ ಕಾಲುಗಳು ಮಾತ್ರ ನೆಲಕ್ಕೆ ಊರಿದವು. ಚಾರ್ಲ್ಸ್ ಡಾರ್ವಿನ್ ಇದಕ್ಕೆ ತಿರುವುಮುರುವಾಗಿ, ತನ್ನ ಅಧ್ಯಯನ ಕೊಠಡಿಯ ತೋಳುಕುರ್ಚಿಗೆ ಗಾಲಿ ಹಾಕಿಸಿಕೊಂಡು ಮಾದರಿಗಳ ನಡುವೆ ಓಡಾಡಿದ. ಇವೆರಡನ್ನೂ ಕೂಡಿಸಿ, ಉಕ್ಕಿನ ಸ್ಪ್ರಿಂಗುಗಳನ್ನೂ ಸೇರಿಸಿ ಥಾಮಸ್ ವಾರನ್ ರೂಪಿಸಿದ ಎರಕದ ಕಬ್ಬಿಣದ ಕುರ್ಚಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಸುತ್ತುವುದು, ಬಾಗುವುದು, ಸರಿಯುವುದು ಎಂಬ ಮೂರೂ ಅದರಲ್ಲಿ ಇದ್ದವೆಂಬುದನ್ನು ನೆನೆದರೆ, ಇಂದಿನ ಜಾಹೀರಾತುಗಳು ಹೊಸತೆಂದು ಸಾರುವುದರಲ್ಲಿ ಎಷ್ಟು ಪಾಲು ಹಳೆಯದೆಂಬುದು ತಿಳಿಯುತ್ತದೆ.

ಆಮೇಲೆ ಬಂದ ನಿಜವಾದ ಸುಧಾರಣೆಯೆಂದರೆ ನಾಲ್ಕು ಕಾಲಿನ ಬುಡ ಐದು ಕಾಲಿನದಾದದ್ದು. ಕುಳಿತವನ ಹಾಗೂ ಕುರ್ಚಿಯ ಒಟ್ಟು ಭಾರಕೇಂದ್ರವು, ಗಾಲಿಗಳು ನೆಲ ಮುಟ್ಟುವ ಬಿಂದುಗಳನ್ನು ಸೇರಿಸಿದಾಗ ಮೂಡುವ ಆಕೃತಿಯ ಹೊರಗೆ ಬಿದ್ದ ಕ್ಷಣ ಕುರ್ಚಿ ಮಗುಚುತ್ತದೆ, ಮತ್ತು ಆ ಅಪಾಯ ಹೆಚ್ಚಿರುವುದು ಎರಡು ಕಾಲುಗಳ ನಡುವಿನ ದಿಕ್ಕಿನಲ್ಲಿ. ಕಾಲಿನ ಉದ್ದ 32 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಆ ದಿಕ್ಕಿನಲ್ಲಿ ನಡುಗಂಬದಿಂದ ಅಂಚಿಗಿರುವ ದೂರ ಮೂರು ಕಾಲಿನ ಬುಡದಲ್ಲಿ 16, ನಾಲ್ಕರಲ್ಲಿ ಸುಮಾರು 22.6, ಐದರಲ್ಲಿ ಸುಮಾರು 25.9 ಸೆಂಟಿಮೀಟರ್ ಆಗುತ್ತದೆ; ಆರನೆಯ ಕಾಲು ಸೇರಿಸಿದರೆ ದೊರೆಯುವ ಲಾಭ ಎರಡು ಸೆಂಟಿಮೀಟರಿಗೂ ಕಡಿಮೆ, ಆದರೆ ಪಾದಕ್ಕೆ ತಗಲುವ ಅಡ್ಡಿ ಮಾತ್ರ ಹೆಚ್ಚುತ್ತದೆ. ಐದಕ್ಕೆ ನಿಂತದ್ದು ರೂಢಿಯಲ್ಲ, ಲೆಕ್ಕ. ಈ ಲೆಕ್ಕದಲ್ಲೂ ಗಾಲಿ ತನ್ನ ಕೈವಾಡ ತೋರಿಸದೆ ಬಿಡುವುದಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡಾಗ ಟ್ರೇಲಿನ ಕಾರಣದಿಂದ ಗಾಲಿಗಳೆಲ್ಲ ತಮ್ಮ ಗೂಟಗಳಿಗಿಂತ ಮುಂದಕ್ಕೆ ಹೊರಳಿಕೊಳ್ಳುತ್ತವೆ, ಅಂದರೆ ಬೆನ್ನ ಹಿಂದಿನ ಆಸರೆ ಸುಮಾರು ಎರಡು ಸೆಂಟಿಮೀಟರಿನಷ್ಟು ಒಳಕ್ಕೆ ಸರಿಯುತ್ತದೆ; ಮೇಜಿನಿಂದ ಹಿಂದೆ ಸರಿದು ಆರಾಮವಾಗಿ ಒರಗುವ ಹೊತ್ತೂ ಅದೇ.

ಜೋಡಿಗಾಲಿಯ ಕ್ಯಾಸ್ಟರನ್ನೂ ಮೆಚ್ಚಲೇಬೇಕು. ಒಂಟಿ ಅಗಲ ಗಾಲಿ ನಿಂತಲ್ಲೇ ತಿರುಗುವಾಗ ಅದರ ಒಂದು ಅಂಚು ಹೆಚ್ಚು ದೂರ, ಇನ್ನೊಂದು ಕಡಿಮೆ ದೂರ ಸಾಗಬೇಕಾಗಿ ನೆಲವನ್ನು ತಿಕ್ಕುತ್ತದೆ. ಅದನ್ನೇ ಎರಡಾಗಿ ಸೀಳಿ ಒಂದೇ ಅಚ್ಚಿಗೆ ಬಿಡಿಬಿಡಿಯಾಗಿ ಕೂರಿಸಿದರೆ, ಎರಡೂ ತಮ್ಮತಮ್ಮ ವೇಗದಲ್ಲಿ ಉರುಳಿ ತಿಕ್ಕಾಟ ಬಹುಪಾಲು ಇಲ್ಲವಾಗುತ್ತದೆ.

ತೊಡಕು ಶುರುವಾಗುವುದು ಈ ಗಾಲಿ ಯಾವುದರ ಮೇಲೆ ಉರುಳಬೇಕು ಎಂಬ ಪ್ರಶ್ನೆಯಲ್ಲಿ. ಗಟ್ಟಿ ನೈಲಾನಿನ ಗಾಲಿ ಕಾರ್ಪೆಟ್ಟಿಗೆಂದು ಮಾಡಿದ್ದು, ಏಕೆಂದರೆ ಮೆತ್ತನೆಯ ಹಾಸಿನಲ್ಲಿ ಮೆತ್ತನೆಯ ಗಾಲಿ ಸಿಕ್ಕಿಕೊಳ್ಳುತ್ತದೆ. ಕಲ್ಲು, ಟೈಲ್, ಮರದ ನೆಲಕ್ಕೆ ಪಾಲಿಯುರೆಥೇನಿನಂಥ ಮೆತ್ತನೆಯ ಹೊರಸುತ್ತು ಇರುವ ಗಾಲಿ ಬೇಕು. ಗಟ್ಟಿ ನೆಲಕ್ಕೆ ಮೆತ್ತನೆಯದು, ಮೆತ್ತನೆಯ ನೆಲಕ್ಕೆ ಗಟ್ಟಿಯದು ಎಂಬ ಈ ನಿಯಮ ಐರೋಪ್ಯ ಮಾನದಂಡಗಳಲ್ಲಿ ಎರಡು ಬೇರೆ ವರ್ಗಗಳಾಗಿಯೇ ದಾಖಲಾಗಿದೆ. ಕರ್ನಾಟಕದ ಮನೆ ಮತ್ತು ಸಣ್ಣ ಕಚೇರಿಗಳ ನೆಲವೆಂದರೆ ಗ್ರಾನೈಟ್, ಕಡಪ ಕಲ್ಲು, ರೆಡ್ ಆಕ್ಸೈಡ್ ಅಥವಾ ವಿಟ್ರಿಫೈಡ್ ಟೈಲ್; ಅಲ್ಲಿಗೆ ಬರುವ ಅಗ್ಗದ ಕುರ್ಚಿಗಳಲ್ಲಿ ಇರುವುದು ಬಹುತೇಕ ಕಾರ್ಪೆಟ್ಟಿನ ಗಟ್ಟಿ ಗಾಲಿ. ಪರಿಣಾಮವಾಗಿ ಕುರ್ಚಿ ಗಡಗಡ ಸದ್ದು ಮಾಡುತ್ತದೆ, ಗಾಲಿಯಡಿ ಸಿಕ್ಕ ಮರಳಿನ ಕಣ ಪಾಲಿಶ್ ಮೇಲೆ ಗೀರೆಳೆಯುತ್ತದೆ, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕೂರಲು ಹೊರಟವರ ಮಂಡಿ ತಾಗಿದೊಡನೆ ಕುರ್ಚಿ ಹಿಂದಕ್ಕೆ ಓಡುತ್ತದೆ. ಭಾರವಿಲ್ಲದಾಗ ತಾನೇ ಬಿಗಿಹಿಡಿದು, ಕುಳಿತೊಡನೆ ಸಡಿಲಾಗುವ ಗಾಲಿಗಳು ಈ ತೊಂದರೆಗೆಂದೇ ಇವೆ. 2020ರಲ್ಲಿ ಕಚೇರಿ ಕೆಲಸ ಮನೆಗೆ ಬಂದಾಗ ಕುರ್ಚಿಯೂ ಬಂತು. ಅದರ ಕೆಳಗಿನ ನೆಲ ಬದಲಾದದ್ದನ್ನು ಗಾಲಿಗೆ ಹೇಳಿದವರು ವಿರಳ. ಬೆನ್ನಿಗೆ ಬಿಳಿ ಟವೆಲ್ ಹೊದ್ದ ಸಾಹೇಬರ ಕುರ್ಚಿಯ ಕಾಲದಿಂದಲೂ ಬೆನ್ನೆತ್ತರವೇ ಅಂತಸ್ತಿನ ಗುರುತಾಗಿರುವ ಕಡೆ, ಕಾಲಬುಡದತ್ತ ಯಾರ ಕಣ್ಣೂ ಹೋಗದಿರುವುದು ಸಹಜವೂ ಇರಬಹುದು.

ಕಾರ್ಖಾನೆ ಮತ್ತು ಆಸ್ಪತ್ರೆಗಳಲ್ಲಿ ಇದೇ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಹೆಚ್ಚು. 600 ಕಿಲೋ ಹೊರುವ ನಾಲ್ಕು ಗಾಲಿಯ ಟ್ರಾಲಿಗೆ ತಲಾ 150 ಕಿಲೋ ತಾಳುವ ಗಾಲಿ ಸಾಕೆಂಬುದು ಕಾಗದದ ಲೆಕ್ಕ. ಏರುತಗ್ಗಿನ ನೆಲದಲ್ಲಿ ಯಾವಾಗಲೂ ಒಂದು ಗಾಲಿ ಹಗುರವಾಗಿ ಉಳಿದ ಮೂರರ ಮೇಲೆಯೇ ಭಾರ ಬೀಳುವುದರಿಂದ, ಮೂರರಿಂದ ಭಾಗಿಸಿ 200 ಕಿಲೋದ ಗಾಲಿ ಆರಿಸುವುದು ಬಲ್ಲವರ ಕ್ರಮ. ಗಾಲಿಯ ಗಾತ್ರದ ಮಾತು ಇನ್ನೂ ಕಟು. 5 ಮಿಲಿಮೀಟರ್ ಎತ್ತರದ ಹೊಸ್ತಿಲ ಪಟ್ಟಿಯನ್ನು ನಿಧಾನವಾಗಿ ಹತ್ತಿಸಲು, 50 ಮಿಲಿಮೀಟರ್ ವ್ಯಾಸದ ಗಾಲಿಗೆ ಅದರ ಮೇಲಿನ ಭಾರದ ಮುಕ್ಕಾಲು ಪಾಲಿನಷ್ಟು ಬಲ ಬೇಕಾದರೆ, 200 ಮಿಲಿಮೀಟರಿನದಕ್ಕೆ ಮೂರನೆಯ ಒಂದು ಪಾಲು ಸಾಕು. ರೋಗಿಯನ್ನು ಹೊತ್ತ ಸ್ಟ್ರೆಚರಿಗೆ ದೊಡ್ಡ ಗಾಲಿ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಂಥ ಕಡೆ ಶತ್ರುವಾಗುವುದು ಹೊಸ್ತಿಲಲ್ಲ, ದಾರ: ನೆಲಕ್ಕೆ ಬಿದ್ದ ನೂಲು ಅಚ್ಚಿಗೆ ಸುತ್ತಿ ಸುತ್ತಿ ಗಂಟಾಗಿ, ಉರುಳಬೇಕಾದ ಗಾಲಿಯನ್ನು ಎಳೆದಾಡುವ ವಸ್ತುವನ್ನಾಗಿಸುತ್ತದೆ. ಅಚ್ಚಿನ ಇಕ್ಕೆಲಕ್ಕೆ ಹಾಕುವ ಪುಟ್ಟ ಬಿಲ್ಲೆಯಂಥ ಮುಚ್ಚಳ ಇದನ್ನು ತಡೆಯುತ್ತದೆ.

ನಾಲ್ಕೂ ಗಾಲಿ ತಿರುಗಿದರೆ ಹೆಚ್ಚು ಅನುಕೂಲವೆಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. ಇಕ್ಕಟ್ಟಿನ ಜಾಗದಲ್ಲಿ ಅದು ನಿಜ, ಆದರೆ ಉದ್ದನೆಯ ಓಣಿಯಲ್ಲಿ ಅಂಥ ಟ್ರಾಲಿ ಇಳಿಜಾರಿನತ್ತ ಜಾರುತ್ತದೆ. ಎರಡು ಗಾಲಿಗಳನ್ನು ಬಿಗಿಯಾಗಿ ನೇರ ಕೂರಿಸಿ ಇನ್ನೆರಡನ್ನು ಮಾತ್ರ ತಿರುಗಲು ಬಿಡುವ ಹಳೆಯ ಕ್ರಮವೇ ಅಲ್ಲಿ ಮೇಲು. ವೇಗ ಹೆಚ್ಚಿದಾಗ ತಿರುಗುಗಾಲಿ ಎಡಬಲಕ್ಕೆ ಪಟಪಟ ಹೊಯ್ದಾಡುವ ರೋಗವೊಂದಿದ್ದು, ಅದಕ್ಕೆ ಶಿಮ್ಮಿ ಎನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನ ಗಾಡಿಯಲ್ಲಿ ಬರೀ ಕಿರಿಕಿರಿಯಾಗಿ ತೋರುವ ಇದೇ ಚೇಷ್ಟೆ ವಿಮಾನದ ಮೂತಿಗಾಲಿಯಲ್ಲಿ ಅಪಾಯವಾಗುತ್ತದೆ. ನಿಲುಗೂಟದ ಬೇರಿಂಗ್ ಸವೆದು ಸಡಿಲಾದಷ್ಟೂ ಇದು ಉಲ್ಬಣಿಸುತ್ತದೆ, ಅಂದರೆ ಇಲ್ಲಿ ತಿರುಗುವ ಸ್ವಾತಂತ್ರ್ಯಕ್ಕೆ ತುಸು ಬಿಗಿಯೂ ಬೇಕು.

ನೆಲದಿಂದಲೇ ಯೋಚನೆ ಶುರುಮಾಡಿದ ವಿನ್ಯಾಸದ ಉದಾಹರಣೆ ದೊರೆಯುವುದು, ಹೆಸರಿನಲ್ಲೇ ಗಾಲಿಯಿರುವ ಆ ಇನ್ನೊಂದು ಕುರ್ಚಿಯಲ್ಲಿ. 1930ರ ದಶಕದಲ್ಲಿ ಹರ್ಬರ್ಟ್ ಎವರೆಸ್ಟ್ ಮತ್ತು ಹ್ಯಾರಿ ಜೆನಿಂಗ್ಸ್ ಅಮೆರಿಕದಲ್ಲಿ ರೂಪಿಸಿದ ಮಡಚುವ ಗಾಲಿಕುರ್ಚಿ ಲೋಕಕ್ಕೆಲ್ಲ ಮಾದರಿಯಾಯಿತು, ಆದರೆ ಆ ಮಾದರಿಯ ಮುಂದಿನ ಕಿರಿದಾದ ತಿರುಗುಗಾಲಿಗಳು ಮಣ್ಣಿನಲ್ಲಿ ಹೂತು, ಕಲ್ಲಿಗೆ ತಡೆದು, ಕುಳಿತವರನ್ನು ಮುಂದಕ್ಕೆ ಉರುಳಿಸುವಂಥವು. ಸ್ವತಃ ಗಾಲಿಕುರ್ಚಿ ಬಳಸುವ ಎಂಜಿನಿಯರ್ ರಾಲ್ಫ್ ಹಾಚ್ಕಿಸ್ ಮತ್ತು ಅವರ ಸಂಗಡಿಗರು ಬಡದೇಶಗಳ ಕಚ್ಚಾ ದಾರಿಗೆಂದು ರೂಪಿಸಿದ ರಫ್‌ರೈಡರ್ ಕುರ್ಚಿಯಲ್ಲಿ ಮುಂದಿನ ಗಾಲಿಗಳನ್ನು ಇನ್ನಷ್ಟು ಮುಂದಕ್ಕೆ ಸರಿಸಿ, ಅವುಗಳಿಗೆ ಜಿಂಬಾಬ್ವೆಯಲ್ಲಿ ರೂಪುಗೊಂಡ ಅಗಲ ರಬ್ಬರಿನ ಚಕ್ರ ಹಾಕಿದರು. ಭಾರ ಮತ್ತು ಉದ್ದ ತುಸು ಹೆಚ್ಚಿದರೂ ಕುರ್ಚಿ ಮಣ್ಣುದಾರಿಗೆ ಒಗ್ಗಿತು. ಇತ್ತ ರೈಲು ನಿಲ್ದಾಣ, ಆಸ್ಪತ್ರೆಗಳಲ್ಲಿ ಸಾಲಾಗಿ ನಿಂತಿರುವ ಕುರ್ಚಿಗಳಲ್ಲಿ ಇನ್ನೂ ಬಹುಪಾಲು ಆ ಹಳೆಯ ಕಿರುಗಾಲಿಯೇ ಇದ್ದು, ಇಳಿಜಾರಿನ ಕೊನೆಯಲ್ಲಿ ಚರಂಡಿಯ ಕಬ್ಬಿಣದ ಜಾಲರಿ ಎದುರಾದಾಗ ತಳ್ಳುವವರು ಕುರ್ಚಿಯನ್ನು ಪೂರ್ತಿ ತಿರುಗಿಸಿ, ದೊಡ್ಡ ಚಕ್ರ ಮೊದಲು ದಾಟುವಂತೆ ಅದನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋಗುತ್ತಾರೆ.