ಹಲಗಿ ಒಳಗ, ಬಾರಿಸುವವ ಹೊರಗ

ಹೋಳಿ ಹುಣ್ಣಿಮೆ ಬಂತಂದರೆ ಬಾಗಲಕೋಟೆ ಸೀಮೆಯಲ್ಲಿ ಹಲಗಿ ಎಲ್ಲ ಜಾತಿಯವರ ಕೈಗೂ ಬರುತ್ತದೆ. ನಮ್ಮ ಜಮಖಂಡಿ, ಮುಧೋಳದ ಓಣಿಗಳಲ್ಲೂ ಅಷ್ಟೇ. ಗೌಡರ ಮಗ ಬಾರಿಸುತ್ತಾನೆ, ಸಾವುಕಾರನ ಮಗ ಬಾರಿಸುತ್ತಾನೆ, ಯಾರೂ ಕೈ ತೊಳೆಯುವುದಿಲ್ಲ. ಬಣ್ಣ ತೊಳೆದ ಮರುದಿನ ಊರಾಗ ಒಂದು ಹೆಣ ಬಿದ್ದರೆ ಅದರ ಮುಂದ ಬಾರಿಸಾಕ ಮತ್ತ ಕೇರಿಗೇ ಹೇಳಿ ಕಳಿಸ್ತಾರ. ಹಲಗಿಯ ಮೈಲಿಗಿ ನಾಕು ದಿನ ಬಿಡತೈತಿ, ಬಾರಿಸುವವಂದು ಬಿಡಂಗಿಲ್ಲ.

ಮದ್ರಾಸಿನ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ರ‍್ಯಾಪ್ ಮೇಳದ ಹಾಡುಗಳನ್ನು ನಾವು ಕೇಳಿದ್ದು ಈ ಕಿವಿಯಿಂದಲೇ. ತಮಿಳು ನಮಗೆ ಬಾರದು; ಬಲ್ಲವರಿಂದ ಅರ್ಥ ಬಿಡಿಸಿಕೊಂಡು ಮತ್ತೆ ಮತ್ತೆ ಹಚ್ಚಿ ಕೇಳಿದೆವು. 2017ರಲ್ಲಿ ಚಿತ್ರ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಈ ಮೇಳ ಕಟ್ಟಿದರು. 2018ರ ಜನವರಿ 6ರಂದು ಚೆನ್ನೈಯಲ್ಲಿ 19 ಮಂದಿ ಮೊದಲ ಸಲ ವೇದಿಕೆ ಏರಿದರು. ಹೆಸರಿನ ಹಿಂದೆ ಪಂಡಿತ ಅಯೋತಿ ದಾಸರಿದ್ದಾರೆ. ನಮ್ಮ ಜನರನ್ನು ಜಾತಿಯಿಲ್ಲದ ತಮಿಳರೆಂದು ಬರೆದುಕೊಳ್ಳಿ ಎಂದು ಬ್ರಿಟಿಷರ ಕಾಲದಲ್ಲೇ ಕೇಳಿದವರು ಅವರು.

ಗಿಟಾರಿನ ಪಕ್ಕದಲ್ಲಿ ಪರೈ ನಿಂತಿತು. ಪರೈ ಅಂದರೆ ನಮ್ಮ ಹಲಗಿಯ ಒಡಹುಟ್ಟು. ಅದೇ ಚರ್ಮ, ಅದೇ ಹೆಣದ ಮುಂದಿನ ದುಡಿಮೆ. ಉತ್ತರ ಚೆನ್ನೈನ ಕೊಳೆಗೇರಿಗಳಲ್ಲಿ ಸಾವಿನ ಮನೆ ಮುಂದೆ ಹಾಡುತ್ತಿದ್ದ ಗಾನಾ ಹಾಡೂ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1970ರ ದಶಕದ ಕಪ್ಪು ಹುಡುಗರು ಹುಟ್ಟಿಸಿದ ರ‍್ಯಾಪೂ ಅಲ್ಲಿ ಕೂಡಿದವು. ಬಡಿತದ ಮೇಲೆ ಮಾತು ಕಟ್ಟುವುದು ನಮಗೇನು ಹೊಸದಲ್ಲ. ಗೀಗೀ ಮೇಳದ ಹರದೇಶಿ-ನಾಗೇಶಿಯವರು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಜವಾಬು ಹಾಡಿದ್ದು ಇದೇ ನೆಲದಲ್ಲಿ. ಆದರೆ ಅವರ ಜಗಳ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದು. ಊರು ಹೆಚ್ಚೋ ಕೇರಿ ಹೆಚ್ಚೋ ಎಂಬ ಸವಾಲನ್ನು ನಾವಂತೂ ಕೇಳಿಲ್ಲ.

ಮದ್ರಾಸಿನವರು ಆ ಸವಾಲು ಹಾಕಿದರು. ಅವರ ಹಾಡುಗಳಲ್ಲಿ ನಮಗೆ ಹೆಚ್ಚು ನಾಟಿದ್ದು ಮೀಸಲಾತಿಯ ಹಾಡು. ಕಾಲೇಜಿನ ಪಡಸಾಲೆಯಲ್ಲಿ 'ಕೋಟಾದಾಂವ' ಎಂಬ ಮಾತನ್ನು ಬೆನ್ನ ಹಿಂದೆ ಕೇಳಿ ನುಂಗಿಕೊಂಡವರು ನಾವು. ಅವರು ಅದೇ ಶಬ್ದವನ್ನು ಎತ್ತಿ ಮೈಕಿನ ಮುಂದೆ ಇಟ್ಟರು. ಜೈಭೀಮ್ ಗೀತೆ ಅಷ್ಟು ಒಳಗೆ ಇಳಿಯಲಿಲ್ಲ, ಘೋಷಣೆಯಲ್ಲೇ ನಿಂತಿತು. ಇನ್ನೊಂದು ತಕರಾರೂ ಇದೆ. 19 ಮಂದಿಯಲ್ಲಿ ಹೆಣ್ಣುಮಗಳು ಒಬ್ಬಳೇ, ಇಸೈವಾಣಿ. ಅಯ್ಯಪ್ಪನ ಗುಡಿಗೆ ಹೆಂಗಸರ ಪ್ರವೇಶದ ಬಗ್ಗೆ 2018ರಲ್ಲಿ ಹಾಡಿದ್ದಕ್ಕೆ 2024ರಲ್ಲೂ ಬೆದರಿಕೆ ಬಂದದ್ದು ಆಕೆಗೇ. ಜಾತಿಯಿಲ್ಲದ ಮೇಳದಲ್ಲೂ ಏಟು ತಿನ್ನುವ ಪಾಳಿ ಹೆಣ್ಣಿನದೇ ಆಯಿತು.

ಮೇಳದ ರ‍್ಯಾಪ್ ಕವಿ ಅರಿವು, ಅರಕ್ಕೋಣದ ಹುಡುಗ. ಮೇಳದ ಹೊರಗೆ 2021ರ ಮಾರ್ಚಿನಲ್ಲಿ ಗಾಯಕಿ ಧೀ ಮತ್ತು ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಜೊತೆ 'ಎಂಜಾಯ್ ಎಂಜಾಮಿ' ಹಾಡು ತಂದ. ಲಂಕೆಯ ಚಹಾ ತೋಟದಲ್ಲಿ ದುಡಿದು ನೆಲವಿಲ್ಲದೆ ಮರಳಿದ ಅಜ್ಜಿ ವಳ್ಳಿಯಮ್ಮಾಳ್ ಆ ಹಾಡಿನ ಬೇರು. ಜಗತ್ತೆಲ್ಲ ಕುಣಿಯಿತು. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಭಾರತದ ಆವೃತ್ತಿ ಮುಖಪುಟಕ್ಕೆ ಧೀ ಮತ್ತು ಇನ್ನೊಬ್ಬ ರ‍್ಯಾಪರ್ ಬಂದರು, ಅರಿವು ಇಲ್ಲ. ಪಾ. ರಂಜಿತ್ ದನಿ ಎತ್ತಿದ ಮೇಲೆ ಬೇರೆ ಮುಖಪುಟ ಬಂತು. 2022ರ ಜುಲೈನಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಆ ಹಾಡು ಮೊಳಗಿತು, ಅಲ್ಲಿಯೂ ಅರಿವು ಇಲ್ಲ. ಬರೆದವನೂ ರಾಗ ಕಟ್ಟಿದವನೂ ನಾನೇ ಎಂದು ಆತ ಬರೆದ. ಮೂವರ ದುಡಿಮೆ ಎಂದು ಸಂತೋಷ್ ನಾರಾಯಣನ್ ಉತ್ತರ ಕೊಟ್ಟರು. 2024ರಲ್ಲಿ ಅವರೇ, ಆ ಹಾಡಿನಿಂದ ತಮಗ್ಯಾರಿಗೂ ಒಂದು ಪೈಸೆ ಬಂದಿಲ್ಲವೆಂದರು. ರಾಗ ಯಾರದೆಂಬ ಜಗಳ ತೀರಿಸುವುದು ನಮ್ಮಿಂದಾಗದ ಮಾತು. ಆದರೆ ಅಜ್ಜಿಯ ಹಾಡು ಪಂಕ್ತಿಯಲ್ಲಿ ಕೂತು ಮೊಮ್ಮಗನ ಮುಖ ಹೊರಗುಳಿದದ್ದು ನೋಡಿದಾಗ ನಮಗೆ ಹೋಳಿಯ ಹಲಗಿಯೇ ಕಂಡಿತು.

ನಮ್ಮ ಕಡೆ ನೋಡಿ. ಕಬ್ಬಿನ ಹಂಗಾಮಿನಲ್ಲಿ ಮುಧೋಳ ರಸ್ತೆಗೆ ನಿಂತರೆ ಟ್ರ್ಯಾಕ್ಟರ್ ಟ್ರ್ಯಾಕ್ಟರಿಗೂ ಡಬ್ಬಿ ಬಡಿಯುತ್ತಿರುತ್ತದೆ. ಅದರಾಗ ಹಲಗಿಯ ಪೆಟ್ಟು ಐತಿ, ಆದರೆ ಅದು ಯಂತ್ರದ್ದು. ಮಾತು ಬರೇ ಹುಡುಗಿಯ ಮೇಲಿನ ಮೂದಲಿಕೆ. ಕಬ್ಬು ಕಡಿಯುವ ಗ್ಯಾಂಗಿನವರ ಸಾಲದ ಮಾತಿಲ್ಲ, ರಬಕವಿ-ಬನಹಟ್ಟಿಯ ಮಗ್ಗದವನ ಕೂಲಿಯ ಮಾತಿಲ್ಲ. ಬೀಳಗಿ ತಾಲೂಕಿನ ಊರುಗಳು ಕೃಷ್ಣೆಯ ಹಿನ್ನೀರಿಗೆ ಮುಳುಗಿದವು. ಆಲಮಟ್ಟಿಯ ನೀರನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇನ್ನೂ ತಲೆಯ ಮೇಲಿದೆ. ಹೊಲ ಇದ್ದಾಂವ ಹೊಲದ ರೊಕ್ಕ ಕೇಳ್ತಾನ. ಆ ಹೊಲದಾಗ ಕೂಲಿ ಮಾಡಿದಾಂವ ಏನು ಕೇಳಬೇಕು? ವಳ್ಳಿಯಮ್ಮಾಳ್‌ನಂಥ ಮುದುಕಿಯರು ನಮ್ಮ ಪುನರ್ವಸತಿ ಕೇಂದ್ರಗಳ ಕಟ್ಟೆಗಳ ಮೇಲೂ ಕೂತಿದ್ದಾರೆ. ಕೇಳುವ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ರೆಕಾರ್ಡ್ ಮಾಡಲು ಯಾವ ಕಂಪನಿಯ ಹಂಗೂ ಬೇಡ.

ಬೇರೆಯವರನ್ನು ಅಂದದ್ದಾಯಿತು, ನಮ್ಮನ್ನೂ ಅಂದುಕೊಳ್ಳಬೇಕು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗಿನಿಂದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಹಾಡಿಲ್ಲದ ದಿನವಿಲ್ಲ. ಕವಿಯ ಹೆಸರು ಉಳಿಯಿತು, ಸರಿ. ಆ ಹಾಡುಗಳ ಮುಂದೆ ಹಲಗಿ ಬಾರಿಸುತ್ತ ನಡೆದವನು ಯಾರು? ಬಂಡಾಯದ ಪತ್ರಿಕೆಗಳ ಹಳೆಯ ಸಂಚಿಕೆ ತಿರುವಿ ಹಾಕಿದೆವು, ನಮ್ಮ ಕಣ್ಣಿಗೆ ಒಂದು ಹೆಸರೂ ಬೀಳಲಿಲ್ಲ.

ಇನ್ನು ಮುಂದೆ ಈ ಪತ್ರಿಕೆಗೆ ಹಾಡು ಕಳಿಸುವ ಗೆಳೆಯರು ಬರೆದವರ ಹೆಸರಿನ ಕೆಳಗೆ ಹಲಗಿ ಬಾರಿಸಿದವರ ಹೆಸರನ್ನೂ ಊರನ್ನೂ ಬರೆದು ಕಳಿಸಲಿ.