ಆಮೆಯ ತೂಕದ ಪುಸ್ತಕ

ಕಾಯಿಲೆ ಬಿದ್ದ ನಾಯಿ ಮೂಲೆ ಸೇರುತ್ತದೆ, ಮುಲುಗುತ್ತದೆ. ಆಮೆ ಅದೇನನ್ನೂ ಮಾಡುವುದಿಲ್ಲ. ಒಳಗೆ ಸೊರಗುತ್ತ ತಿಂಗಳುಗಟ್ಟಲೆ ಮೊದಲಿನಂತೆಯೇ ಕಾಣುತ್ತದೆ. ಆದ್ದರಿಂದ ಆಮೆ ಸಾಕುವವರು ಅದನ್ನು ಆಗಾಗ ತೂಗಿ, ಅಳೆದು, ಬರೆದಿಡುವ ಪದ್ಧತಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಆ ಅಂಕಿಗಳನ್ನು ಓದುವ ರೀತಿಯ ಬಗ್ಗೆ. ಕೂಸಿನ ತೂಕದ ಕಾರ್ಡ್ ನೋಡಿದ ಹಾಗೆ, ಗೆರೆ ಮೇಲೇರಿದರೆ ಎಲ್ಲ ಸರಿಯಾಗಿದೆ ಎಂದುಕೊಳ್ಳುತ್ತೇವೆ. ಆಮೆಯ ವಿಷಯದಲ್ಲಿ ಈ ನಂಬಿಕೆ ಅಪಾಯಕಾರಿ.

ಅದಕ್ಕೂ ಮೊದಲು ಕೇಳಬೇಕಾದ್ದು: ಮನೆಯಲ್ಲಿರುವುದು ಯಾವ ಆಮೆ? ಅದೃಷ್ಟ ಬರುತ್ತದೆಂದು ನಕ್ಷತ್ರ ಆಮೆ ತಂದಿಟ್ಟುಕೊಳ್ಳುವ ಚಾಳಿ ಬೆಂಗಳೂರಿನಲ್ಲಿ ಹಳೆಯದು. 2022ರ ತಿದ್ದುಪಡಿಯ ನಂತರ ಈ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲಿದೆ. 2019ರಲ್ಲಿ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದವೂ ಅದನ್ನು ಒಂದನೇ ಪಟ್ಟಿಗೆ ಏರಿಸಿತು. ಕಳ್ಳಸಾಗಣೆಯಾಗಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸು ಕರೆಸಿಕೊಳ್ಳಬೇಕಾಯಿತು. ಇಂಥ ಪ್ರಾಣಿಯನ್ನು ಎಷ್ಟು ಅಕ್ಕರೆಯಿಂದ ತೂಗಿದರೂ ಸಾಕಿದ್ದು ಸರಿಯಾಗುವುದಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ಹೆದರಿ ಯಡಿಯೂರು ಕೆರೆಗೆ ಬಿಟ್ಟು ಬರುವವರು ಅದನ್ನು ಕೊಂದಂತೆಯೇ, ಏಕೆಂದರೆ ಇದು ಒಣನೆಲದ ಆಮೆ, ಈಜಲಾರದು.

ಹಾಗಾಗಿ ತೂಕದ ಪುಸ್ತಕದ ಮಾತು ಬಹುಮಟ್ಟಿಗೆ ಆಫ್ರಿಕಾ ಮೂಲದ ಸಲ್ಕಾಟಾ ಆಮೆ ಸಾಕಿದವರಿಗೆ ಸಂಬಂಧಿಸಿದ್ದು. ಅದನ್ನೂ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಆಮೆ ಸಾಕುವವರ ನಡುವೆ ಓಡಾಡುವ ಒಂದು ಪ್ರಸಿದ್ಧ ಕೋಷ್ಟಕವಿದೆ, ಜಾಕ್ಸನ್ ಅನುಪಾತ. ಚಿಪ್ಪಿನ ಉದ್ದಕ್ಕೆ ಇಷ್ಟು ತೂಕ ಇರಬೇಕು ಎಂದು ಅದು ಹೇಳುತ್ತದೆ. ಇಂಗ್ಲೆಂಡಿನ ಪಶುವೈದ್ಯ ಆಲಿಫೆಂಟ್ ಜಾಕ್ಸನ್ ಅದನ್ನು ರೂಪಿಸಿದ್ದು ಮೆಡಿಟರೇನಿಯನ್ ಸೀಮೆಯ ಆಮೆಗಳಿಗಾಗಿ, ಚಳಿಗಾಲದ ದೀರ್ಘನಿದ್ರೆಗೆ ಇಳಿಸುವಷ್ಟು ಮೈ ಇದೆಯೇ ಎಂದು ತಿಳಿಯಲು. ಸಲ್ಕಾಟಾಕ್ಕೆ ಚಳಿಗಾಲದ ನಿದ್ರೆಯೇ ಇಲ್ಲ, ಅದರ ಚಿಪ್ಪಿನ ಆಕಾರವೂ ಬೇರೆ. ಆ ಕೋಷ್ಟಕವನ್ನು ಹಿಡಿದು ಬೆಂಗಳೂರಿನ ಸಲ್ಕಾಟಾ ಬಡಕಲೋ ದಪ್ಪವೋ ಎಂದು ತೀರ್ಪು ಕೊಡುವುದು ತಪ್ಪು. ನಿಮ್ಮ ಆಮೆಗೆ ಅಳತೆಗೋಲು ಅದರದೇ ಹಿಂದಿನ ತಿಂಗಳುಗಳು, ಬೇರೆ ಯಾವ ಆಮೆಯದೂ ಅಲ್ಲ.

ಇನ್ನು ತೂಕವೆಂಬ ಅಂಕಿ. ನೀರಿನಲ್ಲಿ ಕೂರಿಸಿದಾಗ ಆಮೆ ಹೊಟ್ಟೆ ತುಂಬ ಕುಡಿಯುತ್ತದೆ, ತೂಕ ಏರುತ್ತದೆ; ಉಚ್ಚೆ ಹೊಯ್ದರೆ ಇಳಿಯುತ್ತದೆ. ಹೊತ್ತು ಗೊತ್ತಿಲ್ಲದೆ ತೂಗಿದರೆ ಬರೆದಿಟ್ಟದ್ದು ನೀರಿನ ಲೆಕ್ಕವಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಮೂತ್ರಕೋಶದಲ್ಲಿ ಕಲ್ಲು ಬೆಳೆದರೂ ತೂಕ ಏರುತ್ತದೆ. ಗಂಡಿನ ಸಹವಾಸವಿಲ್ಲದ ಹೆಣ್ಣೂ ಮೊಟ್ಟೆ ಕಟ್ಟಬಲ್ಲದು, ಅದು ಒಳಗೇ ಸಿಕ್ಕಿಕೊಂಡರೂ ತೂಕ ಏರುತ್ತದೆ. ಮೈಯಲ್ಲಿ ನೀರು ತುಂಬಿದರೂ ಅಷ್ಟೆ. ಮನೆಯವರು ಸಂತೋಷಪಡುವ ಗೆರೆಯ ಹಿಂದೆ ಇವುಗಳಲ್ಲಿ ಯಾವುದಾದರೂ ಇರಬಹುದು. ಆದ್ದರಿಂದ ತೂಕದ ಪಕ್ಕದಲ್ಲಿ ಚಿಪ್ಪಿನ ಉದ್ದ ಇರಲೇಬೇಕು. ಅದನ್ನೂ ಚಿಪ್ಪಿನ ಉಬ್ಬಿನ ಮೇಲೆ ಟೇಪು ಹಾಯಿಸಿ ಅಳೆಯಬಾರದು. ಹಿಂದೆ ಮುಂದೆ ಎರಡು ಹಲಗೆ ನೇರವಾಗಿ ನಿಲ್ಲಿಸಿ ನಡುವಿನ ಅಂತರ ನೋಡಬೇಕು. ಉದ್ದ ಬೆಳೆಯದೆ ತೂಕ ಮಾತ್ರ ಏರುತ್ತಿದ್ದರೆ ಎಚ್ಚರವಾಗಬೇಕು.

ಬೇಗ ಬೆಳೆದದ್ದು ಚೆನ್ನಾಗಿ ಬೆಳೆಯಿತು ಎಂಬ ಹೆಮ್ಮೆಯನ್ನೂ ಬಿಡಬೇಕು. ಸಲ್ಕಾಟಾ ಮರಿಗಳ ಚಿಪ್ಪು ನುಣ್ಣಗೆ ಬಾಗದೆ ಗೋಪುರ ಗೋಪುರವಾಗಿ ಏಳುವುದಕ್ಕೆ ಪ್ರೋಟೀನು ಹೆಚ್ಚಾದದ್ದೇ ಕಾರಣವೆಂದು ಬಹುಕಾಲ ನಂಬಿದ್ದರು. 2003ರಲ್ಲಿ ಪ್ರಕಟವಾದ ವೀಸ್ನರ್ ಮತ್ತು ಈಬೆನ್ ಅವರ ಅಧ್ಯಯನ, ಪ್ರೋಟೀನಿಗಿಂತ ಗಾಳಿಯ ಒಣತನದ ಪಾತ್ರ ದೊಡ್ಡದೆಂದು ತೋರಿಸಿತು. ಮುಚ್ಚಿದ ಕೋಣೆಯಲ್ಲಿ ಬಿಸಿ ದೀಪದ ಕೆಳಗೆ ಇಟ್ಟ ಮರಿಗೆ ಇದೇ ಆಗುವುದು. ತೂಕದ ಕಾಲಮ್ಮಿನಲ್ಲಿ ಇದು ಕಾಣುವುದಿಲ್ಲ, ತಿಂಗಳಿಗೊಮ್ಮೆ ಮೇಲಿನಿಂದಲೂ ಪಕ್ಕದಿಂದಲೂ ತೆಗೆದ ಫೋಟೋದಲ್ಲಿ ಕಾಣುತ್ತದೆ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲು ಸಾಕೆಂದುಕೊಳ್ಳುವುದೂ ತಪ್ಪು. ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ಅತಿನೇರಳೆ ಕಿರಣಗಳನ್ನು ಗಾಜು ತಡೆಯುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಮಹಡಿಯ ಮೇಲೆ, ನೆರಳಿಗೂ ಜಾಗವಿಟ್ಟು, ನೇರ ಬಿಸಿಲಿಗೆ ಬಿಡುವುದೇ ಮೇಲು.

ಆಹಾರದ ಬಗ್ಗೆ ಉದ್ದಕ್ಕೆ ಹೇಳಬೇಕಿಲ್ಲ. ಸಲ್ಕಾಟಾ ಹುಲ್ಲು ಮೇಯುವ ಪ್ರಾಣಿ. ಗಾಂಧಿಬಜಾರಿನಲ್ಲಿ ಪೂಜೆಗೆಂದು ಮಾರುವ ಗರಿಕೆ ಪಾಲಕ್ಕಿಗಿಂತ ಅದಕ್ಕೆ ಎಷ್ಟೋ ಒಳ್ಳೆಯದು, ತೊಳೆದು ಕೊಟ್ಟರಾಯಿತು. ದಾಸವಾಳದ ಎಲೆಯೂ ಆಗುತ್ತದೆ.

ನನ್ನ ಲೆಕ್ಕದಲ್ಲಿ ಒಳ್ಳೆಯ ಪುಸ್ತಕವೆಂದರೆ ತೂಕದ ಜೊತೆಗೆ ಮಾತುಗಳೂ ಇರುವ ಪುಸ್ತಕ: ಇವತ್ತು ತಿಂದಿತೇ, ಚಿಪ್ಪನ್ನು ನೆಲದಿಂದ ಎತ್ತಿ ನಡೆಯಿತೇ ಎಳೆದುಕೊಂಡು ಹೋಯಿತೇ, ಮೂತ್ರದಲ್ಲಿ ಬರುವ ಬಿಳಿ ಪದಾರ್ಥ ಮೆತ್ತಗಿತ್ತೇ ಮರಳಿನಂತಿತ್ತೇ. ಮರಳಿನಂತಿದ್ದರೆ ನೀರು ಸಾಲುತ್ತಿಲ್ಲವೆಂದೇ ತಿಳಿಯಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಕಡೆ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆಗ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಕಂಡರೆ ತೂಕ ಸರಿಯಿದೆಯೆಂದು ಕಾಯಬಾರದು, ಸರೀಸೃಪ ಬಲ್ಲ ವೈದ್ಯರ ಬಳಿಗೆ ಅಂದೇ ಒಯ್ಯಬೇಕು. ಪುಸ್ತಕವನ್ನೂ ಜೊತೆಗೆ ಒಯ್ಯಿರಿ, ಅದು ನಿಜಕ್ಕೂ ಉಪಯೋಗಕ್ಕೆ ಬರುವುದು ಅಲ್ಲಿ.

ಸಲ್ಕಾಟಾ ಮರಿ ತರುವ ಆಸೆ ಇರುವವರಲ್ಲಿ ಒಂದು ವಿನಂತಿ. ಅಂಗೈಯಲ್ಲಿ ಕೂರುವ ಆ ಮರಿ ಬೆಳೆದು 40 ಕಿಲೋ ದಾಟಬಲ್ಲದು, 50 ವರ್ಷಕ್ಕೂ ಹೆಚ್ಚು ಬಾಳಬಲ್ಲದು. ತ್ಯಾಗರಾಜನಗರದ 30×40 ಸೈಟಿನ ಮನೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ, ನಿಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲು ಬರೆದಿಡಿ. ಉತ್ತರ ಸಿಗದಿದ್ದರೆ ದಯವಿಟ್ಟು ತರಬೇಡಿ.