ಅಕಾಲ ಪ್ರಸವವೂ ಸೂಕ್ಷ್ಮಜೀವಿಗಳ ಸಾಕ್ಷ್ಯವೂ: ಒಂದು ವಿಮರ್ಶೆ

ಬೆಳಗಾವಿ ಜಿಲ್ಲೆಯ ಇತಿಹಾಸವನ್ನು ಅಭ್ಯಸಿಸುವವರು 1884ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಝೆಟಿಯರಿನ ಬೆಳಗಾವಿ ಸಂಪುಟವನ್ನು ಒಮ್ಮೆಯಾದರೂ ತೆರೆದಿರುತ್ತಾರೆ. ಬೈಲಹೊಂಗಲ, ಕಿತ್ತೂರುಗಳನ್ನು ಒಳಗೊಂಡ ಅಂದಿನ ಸಂಪಗಾಂವ ತಾಲೂಕು, ಸವದತ್ತಿಯನ್ನು ಒಳಗೊಂಡ ಪರಸಗಡ ತಾಲೂಕು ಇವುಗಳ ನೆಲ, ಬೆಳೆ, ಕಂದಾಯಗಳ ವಿವರ ಅದರಲ್ಲಿ ದೊರೆಯುತ್ತದೆ. ಬೇರೆ ಬೇರೆ ಜಾತಿಯವರ ಹೆರಿಗೆಯ ಆಚಾರಗಳ ವರ್ಣನೆಯೂ ಉಂಟು. ಆದರೆ ಎಷ್ಟು ಕೂಸುಗಳು ದಿನ ತುಂಬುವ ಮೊದಲೇ ಹುಟ್ಟಿದವು, ಅವುಗಳಲ್ಲಿ ಎಷ್ಟು ಉಳಿದವು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಕಿತ್ತೂರಿನ ದೊರೆ 1824ರಲ್ಲಿ ಔರಸ ಪುತ್ರನಿಲ್ಲದೆ ತೀರಿಕೊಂಡುದು ಇತಿಹಾಸದ ಘಟನೆಯಾಯಿತು. ಒಕ್ಕಲುತನದ ಮನೆಯಲ್ಲಿ ತೊಟ್ಟಿಲು ಬರಿದಾದುದು ಯಾವ ದಫ್ತರಕ್ಕೂ ಏರಲಿಲ್ಲ.

ಈ ಮೌನವನ್ನು ಈಗ ವೈದ್ಯವಿಜ್ಞಾನವು ಮುರಿಯುತ್ತಿದೆ. 37 ವಾರಗಳು ತುಂಬುವುದಕ್ಕೆ ಮೊದಲು ಆಗುವ ಹೆರಿಗೆಯನ್ನು ಅಕಾಲ ಪ್ರಸವವೆಂದು ಕರೆಯುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಶಿಶುಗಳ ಸಂಖ್ಯೆ ಸುಮಾರು 1 ಕೋಟಿ 34 ಲಕ್ಷವೆಂದು ಅಂದಾಜು. ಅವುಗಳಲ್ಲಿ 30 ಲಕ್ಷದಷ್ಟು ಭಾರತದವು. ಇದರ ಕಾರಣಗಳಲ್ಲಿ ಒಂದು ಗರ್ಭಿಣಿಯ ಯೋನಿಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಮುದಾಯದಲ್ಲಿದೆ ಎಂಬ ವಾದವು ಈಚಿನ ವರ್ಷಗಳಲ್ಲಿ ಪ್ರಬಲವಾಗಿದೆ. ಆ ವಾದದ ವೈದ್ಯಕೀಯ ಅಂಶಗಳ ಮೇಲೆ ತೀರ್ಪು ಕೊಡುವ ಅಧಿಕಾರ ಇತಿಹಾಸದ ಅಧ್ಯಾಪಕನಿಗೆ ಇಲ್ಲ. ಆದರೆ ಸಾಕ್ಷ್ಯವನ್ನು ತೂಗಿನೋಡುವುದು ನಮ್ಮ ಶಾಸ್ತ್ರದ ನಿತ್ಯಕರ್ಮ. ಸಾಕ್ಷಿ ನುಡಿದವರು ಯಾರು? ಯಾವುದು ಮೊದಲು, ಯಾವುದು ಅನಂತರ? ಆರೋಪಿತ ಕಾರಣವನ್ನು ನೀಗಿದಾಗ ಕಾರ್ಯವೂ ನೀಗಿತೆ? ಈ ಮೂರು ಪ್ರಶ್ನೆಗಳನ್ನು ಕೇಳುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ವಾದವನ್ನು ನ್ಯಾಯವಾಗಿ ನಿರೂಪಿಸಬೇಕು. ಜರ್ಮನಿಯ ಡ್ಯೋಡರ್‌ಲೈನ್ ಎಂಬ ವೈದ್ಯನು 1892ರಲ್ಲಿಯೇ ಆರೋಗ್ಯವಂತ ಸ್ತ್ರೀಯರ ಯೋನಿಸ್ರಾವದಲ್ಲಿ ಆಮ್ಲವನ್ನುಂಟುಮಾಡುವ ಜೀವಿಗಳಿರುವುದನ್ನು ವರ್ಣಿಸಿದನು. ಇವು ಇಂದು ಲ್ಯಾಕ್ಟೋಬ್ಯಾಸಿಲಸ್ ಎಂಬ ಕುಲಕ್ಕೆ ಸೇರಿವೆ. ಹಾಲನ್ನು ಮೊಸರಾಗಿಸುವ ಜೀವಿಗಳ ಬಂಧುಗಳು. ಇವು ಹುಟ್ಟಿಸುವ ಲ್ಯಾಕ್ಟಿಕ್ ಆಮ್ಲವು ಇತರ ಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ. ಇವು ಕ್ಷೀಣಿಸಿ ಗಾರ್ಡ್ನರೆಲ್ಲಾ ಮುಂತಾದ ಜೀವಿಗಳು ಹೆಚ್ಚಿದ ಸ್ಥಿತಿಗೆ ಬ್ಯಾಕ್ಟೀರಿಯಲ್ ವೆಜೈನೋಸಿಸ್ ಎಂದು ಹೆಸರು. ಅಂಥ ಜೀವಿಗಳು ಗರ್ಭಕೋಶದ ಕೊರಳನ್ನು ದಾಟಿ ಮೇಲೇರಿದರೆ ಉರಿಯೂತ ಉಂಟಾಗಿ, ಕೊರಳು ಮೆತ್ತಗಾಗಿ, ನೀರಿನ ಚೀಲ ದುರ್ಬಲಗೊಂಡು, ನೋವು ಕಾಲಕ್ಕೆ ಮೊದಲೇ ಆರಂಭವಾಗಬಹುದು. ಈ ವಿವರಣೆಯು ಯುಕ್ತಿಯುಕ್ತವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ.

ಇನ್ನು ಸಾಕ್ಷಿಗಳನ್ನು ನೋಡೋಣ. 2011ರಲ್ಲಿ ಉತ್ತರ ಅಮೆರಿಕದ 396 ಸ್ತ್ರೀಯರನ್ನು ಪರೀಕ್ಷಿಸಿದ ರಾವೆಲ್ ಮತ್ತು ಸಂಗಡಿಗರು ಈ ಜೀವಿಸಮುದಾಯಗಳಲ್ಲಿ ಐದು ಬಗೆಗಳನ್ನು ಗುರುತಿಸಿದರು. ನಾಲ್ಕರಲ್ಲಿ ಲ್ಯಾಕ್ಟೋಬ್ಯಾಸಿಲಸಿನ ಒಂದೊಂದು ಜಾತಿಯ ಪ್ರಾಬಲ್ಯ. ಐದನೆಯದರಲ್ಲಿ ಹಲವು ಜೀವಿಗಳ ಮಿಶ್ರಣ. ಆದರೆ ಯಾವ ತೊಂದರೆಯೂ ಇಲ್ಲದ ಈ ಸ್ತ್ರೀಯರಲ್ಲಿಯೇ ಬಗೆಗಳ ಪ್ರಮಾಣವು ಜನವರ್ಗದಿಂದ ಜನವರ್ಗಕ್ಕೆ ಬೇರೆಯಾಗಿತ್ತು. ಅಂದಮೇಲೆ ಒಂದು ವರ್ಗದ 'ಸಹಜ'ವನ್ನು ಮತ್ತೊಂದು ವರ್ಗಕ್ಕೆ ಅಳತೆಗೋಲಾಗಿಸುವುದು ಎಷ್ಟರಮಟ್ಟಿಗೆ ಸಾಧು? ಅನಂತರದ ಅಧ್ಯಯನಗಳು ಈ ಶಂಕೆಯನ್ನು ಬಲಪಡಿಸುತ್ತವೆ. 2014ರ ಒಂದು ಅಧ್ಯಯನವು ಅಕಾಲದಲ್ಲಿ ಹೆತ್ತ 18 ಮಂದಿಗೂ ದಿನ ತುಂಬಿ ಹೆತ್ತ 72 ಮಂದಿಗೂ ನಡುವೆ ವ್ಯತ್ಯಾಸವನ್ನು ಕಾಣಲಿಲ್ಲ. 2015ರಲ್ಲಿ ಕ್ಯಾಲಿಫೋರ್ನಿಯದ ಸಂಶೋಧಕರು ಸ್ಪಷ್ಟವಾದ ಸಂಬಂಧವನ್ನು ಕಂಡರು. 2017ರಲ್ಲಿ ಆ ಫಲಿತಾಂಶವನ್ನು ಎರಡು ಸಮೂಹಗಳಲ್ಲಿ ಮರುಪರೀಕ್ಷಿಸಿದಾಗ, ಬಹುಪಾಲು ಬಿಳಿಯರಿದ್ದ 39 ಮಂದಿಯಲ್ಲಿ ಗಾರ್ಡ್ನರೆಲ್ಲಾದ ಸಂಬಂಧವು ಮತ್ತೆ ಕಂಡಿತು. ಬಹುಪಾಲು ಆಫ್ರಿಕನ್ ಮೂಲದವರಿದ್ದ 96 ಮಂದಿಯಲ್ಲಿ ಕಾಣಲಿಲ್ಲ. 2019ರಲ್ಲಿ ಆಫ್ರಿಕನ್ ಮೂಲದವರೇ ಹೆಚ್ಚಾಗಿದ್ದ ಮತ್ತೊಂದು ಅಧ್ಯಯನವು ಬೇರೆ ಕೆಲವು ಜೀವಿಗಳತ್ತ ಬೆರಳು ತೋರಿತು. ಪರಸ್ಪರ ಹೊಂದದ ಶಾಸನಗಳಿಂದ ಒಂದೇ ವಂಶಾವಳಿಯನ್ನು ಕಟ್ಟಲು ನಾವು ಹಿಂಜರಿಯುವಂತೆ ಇಲ್ಲಿಯೂ ಹಿಂಜರಿಯಬೇಕಾಗುತ್ತದೆ.

ಕಾಲಕ್ರಮದ ಪ್ರಶ್ನೆಯಲ್ಲಿ ಈ ಅಧ್ಯಯನಗಳ ಸ್ಥಾನ ಗಟ್ಟಿಯಾಗಿಯೇ ಇದೆ. ಹೆರಿಗೆಗೆ ಎಷ್ಟೋ ಮೊದಲೇ ಮಾದರಿಗಳನ್ನು ಸಂಗ್ರಹಿಸಿಟ್ಟಿದ್ದುದರಿಂದ ಫಲವನ್ನು ಕಂಡು ಕಾರಣವನ್ನು ಕಲ್ಪಿಸಿದರೆಂಬ ಆಕ್ಷೇಪ ಇವುಗಳಿಗೆ ತಗಲದು. ಆದರೆ ಮೊದಲು ಬಂದುದೆಲ್ಲ ಕಾರಣವಲ್ಲ. ಮೂರನೆಯ ಪ್ರಶ್ನೆಯೇ ನಿರ್ಣಾಯಕವಾದುದು. ಅಮೆರಿಕದಲ್ಲಿ ವೆಜೈನೋಸಿಸ್ ಇದ್ದ, ಆದರೆ ಲಕ್ಷಣಗಳಿಲ್ಲದ 1,953 ಗರ್ಭಿಣಿಯರಲ್ಲಿ ಕೆಲವರಿಗೆ ಮೆಟ್ರೋನಿಡಜೋಲ್ ಔಷಧಿಯನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ ಅಕಾಲ ಪ್ರಸವವು ನೂರಕ್ಕೆ 12.2 ಮತ್ತು 12.5. ಫ್ರಾನ್ಸಿನಲ್ಲಿ 84,530 ಗರ್ಭಿಣಿಯರನ್ನು ತಪಾಸಿಸಿ, ಅವರಲ್ಲಿ ವೆಜೈನೋಸಿಸ್ ಇದ್ದವರಿಗೆ ಗರ್ಭದ ಆರಂಭದಲ್ಲಿಯೇ ಕ್ಲಿಂಡಮೈಸಿನ್ ಕೊಟ್ಟು ನಡೆಸಿದ ಪ್ರಯೋಗವೂ (2018) ಪ್ರಯೋಜನವನ್ನು ತೋರಲಿಲ್ಲ. ನೀರಿನ ಚೀಲ ಒಡೆಯದೆ ಅಕಾಲದಲ್ಲಿ ನೋವು ಬಂದ ತಾಯಂದಿರಿಗೆ ಆಂಟಿಬಯೋಟಿಕ್ ಕೊಟ್ಟ ಬ್ರಿಟನ್ನಿನ ಪ್ರಯೋಗದಲ್ಲಿ, ಏಳು ವರ್ಷಗಳ ಅನಂತರ ಮಕ್ಕಳನ್ನು ಪರಿಶೀಲಿಸಿದಾಗ, ಔಷಧಿ ಪಡೆದವರ ಮಕ್ಕಳಲ್ಲಿ ಸೆರೆಬ್ರಲ್ ಪಾಲ್ಸಿ ಹೆಚ್ಚಾಗಿದ್ದುದು 2008ರಲ್ಲಿ ವರದಿಯಾಯಿತು. ಔಷಧಿಯು ಕೆಟ್ಟ ಜೀವಿಯನ್ನು ಕೊಂದರೂ ಒಳ್ಳೆಯ ಜೀವಿಯನ್ನು ಮರಳಿ ನೆಲೆಗೊಳಿಸಲಾರದು ಎಂದು ವಾದಿಗಳು ಸಮಾಧಾನ ಹೇಳಬಹುದು. ಅದು ಒಪ್ಪತಕ್ಕ ಮಾತೇ. ಆದರೆ ಅದು ಮುಂದಿನ ಸಂಶೋಧನೆಗೆ ದಾರಿಯೇ ಹೊರತು ಇಂದಿನ ಚಿಕಿತ್ಸೆಗೆ ಆಧಾರವಲ್ಲ.

ಹಾಗಾದರೆ ನಮ್ಮ ಸೀಮೆಯ ಸಾಕ್ಷ್ಯವೇನು? ಮೈಸೂರಿನಲ್ಲಿ 2005-06ರಲ್ಲಿ ಪರೀಕ್ಷಿಸಿದ 898 ತರುಣಿಯರಲ್ಲಿ ಸುಮಾರು ಐದರಲ್ಲೊಬ್ಬರಿಗೆ ವೆಜೈನೋಸಿಸ್ ಇದ್ದಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಬೇರೊಂದು ದಾರಿಯಿಂದ ಇದೇ ಸಮಸ್ಯೆಯನ್ನು ಎದುರಿಸಿತು. ಆರು ದೇಶಗಳಲ್ಲಿ ನಡೆದ ಒಂದು ಪ್ರಯೋಗಕ್ಕೆ ಭಾರತದಲ್ಲಿ ಬೆಳಗಾವಿ, ನಾಗಪುರಗಳು ಕೇಂದ್ರಗಳಾಗಿದ್ದವು. 2016ರಿಂದ 2018ರ ವರೆಗೆ ಸೇರಿಸಿಕೊಂಡ 11,976 ಚೊಚ್ಚಲ ಗರ್ಭಿಣಿಯರಲ್ಲಿ ಅರ್ಧ ಜನಕ್ಕೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಹುಸಿಗುಳಿಗೆ. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಕಾಲ ಪ್ರಸವವು ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಇದನ್ನೂ ಅತಿಯಾಗಿ ಹೊಗಳಲಾಗದು. ಒಂದು ಅಕಾಲ ಪ್ರಸವವನ್ನು ತಪ್ಪಿಸಲು ಸುಮಾರು 67 ಮಂದಿ ಗುಳಿಗೆ ನುಂಗಬೇಕೆಂಬುದು ಈ ಅಂಕೆಗಳ ಅರ್ಥ. ವೈದ್ಯರ ಸಲಹೆಯಿಲ್ಲದೆ ನುಂಗತಕ್ಕ ಗುಳಿಗೆಯೂ ಇದಲ್ಲ. ಆದರೂ ಇಲ್ಲಿ ಮೂರನೆಯ ಪ್ರಶ್ನೆಗೆ ಉತ್ತರವಿದೆ, ಮತ್ತು ಉತ್ತರ ಕೊಟ್ಟವರಲ್ಲಿ ನಮ್ಮ ಜಿಲ್ಲೆಯ ಸ್ತ್ರೀಯರೂ ಇದ್ದಾರೆ. ಅವರ ಗರ್ಭದ ವಾರಗಳನ್ನು ಅಲ್ಟ್ರಾಸೌಂಡಿನಿಂದ ಲೆಕ್ಕ ಹಾಕಿದ್ದರು. ತಿಂಗಳ ಎಣಿಕೆಯಲ್ಲಿ ಒಂದೆರಡು ವಾರ ಹಿಂದುಮುಂದಾದರೆ ದಿನ ತುಂಬಿದ ಕೂಸಿಗೂ ತುಂಬದ ಕೂಸಿಗೂ ಭೇದವೇ ಅಳಿದುಹೋಗುವುದನ್ನು ನೆನೆದರೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ. ತೇದಿಯಿಲ್ಲದ ಶಾಸನದ ಕಷ್ಟವನ್ನು ನಾವು ಬಲ್ಲೆವು.

ಕೊನೆಗೆ, ಈ ವಿಮರ್ಶೆಯನ್ನು ಬರೆಯಲು ಪ್ರೇರಿಸಿದ ಒಂದು ಆತಂಕವನ್ನು ಹೇಳಬೇಕು. ಹನ್ನೆರಡನೆಯ ಶತಮಾನದ ಶರಣರು ಜನನ, ರಜಸ್ಸು ಮುಂತಾದ ಐದು ಸೂತಕಗಳನ್ನು ತಳ್ಳಿಹಾಕಿದರು. ಶರಣರನ್ನು ನೆನೆಯುವ ಈ ನಾಡಿನಲ್ಲಿ ಹೆಣ್ಣಿನ ಮೈಯೊಳಗಿನ ಜೀವಿಗಳ ಮಾತು ಹೊಸ ಸೂತಕವಾಗಿ ಹಿಂತಿರುಗಬಾರದು. ಕೂಸು ದಿನ ತುಂಬದೆ ಹುಟ್ಟಿದರೆ 'ಅವಳ ಮೈ ಶುದ್ಧವಿರಲಿಲ್ಲ' ಎಂದು ಆಡಿಕೊಳ್ಳಲು ವಿಜ್ಞಾನದ ಹೆಸರು ಸಿಕ್ಕಿದರೆ ಅದಕ್ಕಿಂತ ಅನ್ಯಾಯ ಬೇರೊಂದಿಲ್ಲ. ಜೀವಿಗಳ ಸಮುದಾಯವು ಶುಚಿತ್ವದ ಪ್ರಮಾಣಪತ್ರವಲ್ಲ. ಒಳಗನ್ನು ಹೆಚ್ಚು ತೊಳೆಯುವುದರಿಂದ ರಕ್ಷಕ ಜೀವಿಗಳೇ ನಷ್ಟವಾಗಬಹುದೆಂದು ವೈದ್ಯರೇ ಹೇಳುತ್ತಾರೆ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಈ ಪ್ರಕರಣದಲ್ಲಿ ಸೂಕ್ಷ್ಮಜೀವಿಗಳನ್ನು ಸಾಕ್ಷಿಗಳೆಂದು ಆಲಿಸಬೇಕು, ಅಪರಾಧಿಗಳೆಂದು ಇನ್ನೂ ಸಾರಬಾರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಗರ್ಭಿಣಿಯರನ್ನು, ಅವರ ಒಪ್ಪಿಗೆಯಿಂದ ಮತ್ತು ಅವರ ಮಾನಕ್ಕೆ ಕುಂದು ಬಾರದಂತೆ, ಗರ್ಭದ ಮೊದಲ ವಾರಗಳಿಂದ ಅಭ್ಯಸಿಸಿದಾಗಲೇ ಅವರ ವಿಷಯದಲ್ಲಿ ಮಾತಾಡುವ ಅಧಿಕಾರ ಬಂದೀತು. ಗ್ಯಾಝೆಟಿಯರು ಬರೆಯದೆ ಬಿಟ್ಟ ಪುಟವನ್ನು ಅಮೆರಿಕದ ಸ್ತ್ರೀಯರ ಅಂಕೆಗಳಿಂದ ತುಂಬಿಸಲಾಗದು.